ಚರ್ಮಗಾರರ ಬೀದಿಯ ಗಂಟೆ

ಸಂಧಾನದ ಮೇಜಿನಿಂದ ವೆಲ್ಟನ್ ಮತ್ತೊಮ್ಮೆ ಎದ್ದು ಕಿಟಕಿಯತ್ತ ನಡೆದ. ಜರ್ಮನಿಯ ಶ್ವೇಬಿಯ ಸೀಮೆಯ ಆ ಪುಟ್ಟ ಊರಿನ ನಗರಸಭೆಯಲ್ಲಿ ಪ್ರಾಟೆಸ್ಟೆಂಟರೂ ಕ್ಯಾಥೊಲಿಕರೂ ಬೆಳಗಿನಿಂದ ಒಂದೇ ಷರತ್ತಿಗೆ ಜೋತುಬಿದ್ದಿದ್ದರು. ಸಾಯುವವರ ಮನೆಗೆ ಪಾದ್ರಿ ಪರಮಪ್ರಸಾದದ ರೊಟ್ಟಿ ಒಯ್ಯುವಾಗ ಮುಂದೊಬ್ಬ ಗಂಟೆ ಬಾರಿಸುತ್ತ ನಡೆಯುವುದು ಹಳೆಯ ರೂಢಿ. ಆ ಸದ್ದಿಗೆ ಕ್ಯಾಥೊಲಿಕರು, ಬರುತ್ತಿರುವುದು ಕ್ರಿಸ್ತನೇ ಎಂದು, ಬೀದಿಯಲ್ಲೇ ಮಂಡಿಯೂರುತ್ತಿದ್ದರು. ಪ್ರಾಟೆಸ್ಟೆಂಟರು ಟೋಪಿಯನ್ನೂ ತೆಗೆಯದೆ ನಿಲ್ಲುತ್ತಿದ್ದರು. ಆಮೇಲೆ ಕಲ್ಲುಗಳು ಹಾರುತ್ತಿದ್ದವು. ಈಸ್ಟರಿನಲ್ಲಿ ಒಬ್ಬ ನೇಕಾರನ ಕಣ್ಣೇ ಹೋಗಿತ್ತು.

ಚರ್ಮಗಾರರ ಬೀದಿಯಲ್ಲಿ ಗಂಟೆ ಕೂಡದೆಂಬ ಷರತ್ತನ್ನು ಮುಂದಿಟ್ಟವನು ವೆಲ್ಟನ್ನೇ. ಆ ಬೀದಿಯವರು ಪ್ರಾಟೆಸ್ಟೆಂಟರ ಹೊಸ ಮತಕ್ಕೆ ಬಂದದ್ದೂ ಅವನ ಮಾತಿನಿಂದಲೇ.

"ಕೂತ್ಕೊಳ್ಳೋ ಮಾರಾಯ, ನೆಲ ಸವೆದುಹೋಗತ್ತೆ," ಎಂದ ಜೊತೆಗಾರ ಯೋಬ್ಸ್ಟ್.

ಎದುರು ಪಕ್ಷದ ಮುದಿ ಪಾದ್ರಿ ಗಾಂಗೊಲ್ಫ್ ನಕ್ಕರು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾನೆ. ನನ್ನ ಪಾಠದಲ್ಲೂ ಹೀಗೇ ಕುಣೀತಿದ್ದ."

"ಆಗ ಕಿವಿ ಹಿಂಡ್ತಿದ್ರಿ, ಗುರುಗಳೇ. ಈಗ ಕೈಗೆ ಸಿಗಲ್ಲ."

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ವೆಲ್ಟನ್‌ನ ತಂಗಿ ಊರ್ಸೆಲ್ ಒಳನುಗ್ಗಿದಳು. "ಅಣ್ಣಾ, ಅಮ್ಮನಿಗೆ ಉಸಿರು ಏರ್ತಿದೆ. ಗುರುಗಳು ಬೇಕಂತೆ."

ತಾಯಿ ಒಟ್ಟಿಲಿಯಾ ಚರ್ಮಗಾರರ ಬೀದಿಯಲ್ಲಿ ಮಗನ ಸೂರಿನಡಿಯಲ್ಲೇ ಇದ್ದು, ಮಗನನ್ನು ಬೈಯುತ್ತಲೇ ಹಳೆಯ ಮತದಲ್ಲಿ ಉಳಿದಿದ್ದಳು.

"ಗುರುಗಳೇ, ಪ್ರಸಾದಾನ ನಿಲುವಂಗಿಯೊಳಗೆ ಇಟ್ಕೊಂಡು ಹಿತ್ತಲ ದಾರೀಲಿ ಬನ್ನಿ."

"ಸಾಯೋಳಿಗಾಗಿ ಹಾಗೂ ಬರ್ತೀನಿ ಕಣೋ."

"ಅದಕ್ಕೆ ಅವಳು ಒಪ್ಪಬೇಕಲ್ಲ!" ಊರ್ಸೆಲ್ ಅಳುತ್ತಲೇ ಸಿಡುಕಿದಳು. "ಗಂಟೆ ಕೇಳಿಸದಿದ್ರೆ ಬಾಯಿ ತೆರೆಯಲ್ವಂತೆ. ಕಣ್ಣು ಕಾಣಲ್ಲ ನೋಡು, ಯಾರಿಗೋ ಪಾದ್ರಿ ವೇಷ ಹಾಕ್ಸಿ ನಿಮ್ಮೋರ ರೊಟ್ಟಿ ತಿನ್ನಿಸ್ಬಿಡ್ತೀಯಂತೆ ನೀನು."

ಯೋಬ್ಸ್ಟ್ ಎದ್ದು ನಿಂತ. "ಗಂಟೆ ಬಾರಿಸಿದ್ರೆ ಎಲ್ಲಾ ಮುಗೀತು, ವೆಲ್ಟನ್. ಆಮೇಲೆ ನಮ್ಮೋರು ಯಾರೂ ನಿನ್ನ ಮುಖ ನೋಡಲ್ಲ."

ವೆಲ್ಟನ್ ಪ್ರಸಾದ ತರಲು ಹೊರಟಿದ್ದ ಪಾದ್ರಿಯ ಬೆನ್ನುಹತ್ತಿದ.

ಚರ್ಚಿನಲ್ಲಿ ಗಂಟೆಯವನು ಚರ್ಮಗಾರರ ಬೀದಿ ಎಂದೊಡನೆ ಹಿಂದೆ ಸರಿದ. ಅವನ ಹಣೆಯ ಗಾಯ ಇನ್ನೂ ಮಾಯ್ದಿರಲಿಲ್ಲ. ಕಾಯಲು ಹೊತ್ತಿರಲಿಲ್ಲ. ವೆಲ್ಟನ್ ತಾನೇ ಗಂಟೆಯನ್ನೆತ್ತಿಕೊಂಡು, ಅದರ ನಾಲಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮುಂದೆ ನಡೆದ. ಗಾಂಗೊಲ್ಫ್ ಪ್ರಸಾದ ಹಿಡಿದು ಹಿಂದೆ ಬಂದರು.

ಬೀದಿಗೆ ತಿರುಗುತ್ತಲೇ ತೊಗಲು ಹೆರೆಯುತ್ತಿದ್ದ ಕೈಗಳು ನಿಂತವು. ಇವರೆಲ್ಲರೂ ಅವನನ್ನು ನಂಬಿದ್ದವರು. ಸುಣ್ಣದ ತೊಟ್ಟಿಯ ಘಾಟಿನಲ್ಲಿ ಅವನ ಕಣ್ಣು ಉರಿಯಿತು. ತಾಯಿಯ ಕಿಟಕಿ ಹತ್ತಿರವಾಯಿತು. ಮುಷ್ಟಿ ಸಡಿಲಿಸಿದ.

ಗಂಟೆ ಒಡಕುಒಡಕಾಗಿ, ತಾಳವಿಲ್ಲದೆ ಬಡಿದುಕೊಂಡಿತು.

"ಯಾವನೋ ಅದು?" ಒಳಗಿನಿಂದ ಕ್ಷೀಣ ದನಿ ಗದರಿತು. "ಗಂಟೆ ಬಾರ್ಸೋಕೂ ಬರಲ್ಲ ದರಿದ್ರದವನಿಗೆ! ಬನ್ನಿ ಗುರುಗಳೇ, ಒಳಗೆ ಬನ್ನಿ."

ಪಾದ್ರಿ ಒಳಹೋದರು. ಬೆನ್ನಟ್ಟಿ ಬಂದಿದ್ದ ಯೋಬ್ಸ್ಟ್ ಏದುಸಿರು ಬಿಡುತ್ತ ಕೇಳಿದ: "ಹಾಗಾದ್ರೆ ನಿನ್ನ ಷರತ್ತು?"

"ಹೊಡೆದುಹಾಕು."

ಎಲ್ಲಿಂದಲೋ ಬಂದ ಕಲ್ಲೊಂದು ಬಾಗಿಲ ಚೌಕಟ್ಟಿಗೆ ಬಡಿದು ಉರುಳಿತು. ವೆಲ್ಟನ್ ಮಂಡಿಯೂರಲಿಲ್ಲ, ಟೋಪಿಯನ್ನೂ ತೆಗೆಯಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ, ಬೀದಿಗೆ ಮುಖಮಾಡಿ ನಿಂತು, ಒಳಗಿನ ಪ್ರಾರ್ಥನೆ ಮುಗಿಯುವವರೆಗೂ ಗಂಟೆ ಬಾರಿಸುತ್ತಲೇ ಇದ್ದ.