ಬೈಸಿಕೊಂಡ ಕಂಪನಿ

ಪೋರ್ಟೊರಿಕೊದ ಸಾಲಿನಾಸ್ ಕೊಲ್ಲಿಯಲ್ಲಿ ಇವೆಲಿಸ್ ಮತ್ತು ಅವಳ ಗಂಡ ಎಲಿಯೇಸರ್ ವಿಹಾರಕ್ಕೆಂದು ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದರು. ಚಂಡಮಾರುತದ ತಿಂಗಳುಗಳು ಹತ್ತಿರ ಬಂದಿದ್ದವು. ವಿಮೆ ಮಾಡಿಸದೆ ಗತಿಯಿರಲಿಲ್ಲ. ಒಂದು ಅಗ್ಗದ್ದು, ಇನ್ನೊಂದು ದುಬಾರಿ; ಈ ಎರಡು ಕಂಪನಿಗಳಲ್ಲಿ ಯಾವುದು ಒಳ್ಳೆಯದೆಂದು ತೋಚದೆ, ಇವೆಲಿಸ್ ದೋಣಿಕಟ್ಟೆಯ ನೆರೆಯವರನ್ನೇ ಕೇಳಲು ಹೊರಟಳು.

ಕಾಫಿ ಹೀರುತ್ತ ಕೂತಿದ್ದ ಮುದುಕ ದೋನ್ ಹೆನಾರೊ ಅಗ್ಗದ ಕಂಪನಿಯನ್ನು ಬಾಯ್ತುಂಬ ಹೊಗಳಿದರು. "ಚಿನ್ನದಂಥ ಜನ ಕಣಮ್ಮ. ಇಷ್ಟು ವರ್ಷದಲ್ಲಿ ಒಂದು ದಿನ ತೊಂದ್ರೆ ಕೊಟ್ಟಿಲ್ಲ."

"ನೀವು ಯಾವತ್ತಾದ್ರೂ ಪರಿಹಾರ ಕೇಳಿದ್ರಾ?"

"ದೇವರು ದೊಡ್ಡೋನು, ಕೇಳೋ ಪ್ರಸಂಗಾನೇ ಬರ್ಲಿಲ್ಲ!"

ಪಕ್ಕದ ದೋಣಿಯಲ್ಲಿ ದೋನ್ಯಾ ನೆರೈದಾ ಎಂಬ ಹೆಂಗಸು ಬಾಳೆಕಾಯಿ ಕರಿಯುತ್ತಿದ್ದರು. ಅವರ ಹಿಂದಿನ ದೋಣಿ ಕಳೆದ ಚಂಡಮಾರುತದಲ್ಲಿ ಬಂಡೆಗೆ ಬಡಿದು ಚೂರಾಗಿತ್ತು. ಇನ್ನೊಂದು ಕಂಪನಿಯ ಹೆಸರೆತ್ತಿದ್ದೇ ತಡ, ಸಿಡಿದರು.

"ಆ ಪೀಡೆಗಳ ಸುದ್ದಿ ಎತ್ಬೇಡ! ನನ್ನನ್ನ ಕಳ್ಳಿ ಥರ ವಿಚಾರಿಸಿದ್ರು. ಹಗ್ಗ ಹೇಗೆ ಕಟ್ಟಿದ್ದೆ, ಎಲ್ಲಿ ಕಟ್ಟಿದ್ದೆ, ಫೋಟೋ ಎಲ್ಲಿ ಅಂತ ತಲೆ ತಿಂದ್ಹಾಕಿದ್ರು!"

"ಆಮೇಲೆ?"

"ಆಮೇಲೇನು, ಕೊಟ್ರು. ಪೂರ್ತಿ ಕೊಟ್ರು. ಇಲ್ದಿದ್ರೆ ಈ ದೋಣಿ ಎಲ್ಲಿಂದ ಬರ್ತಿತ್ತು?"

ಅವರು ಕೊಟ್ಟ ಬಿಸಿ ಬಾಳೆಕಾಯಿ ತಿಂದು, ಇವೆಲಿಸ್ ನೇರ ಮನೆಗೆ ಬಂದು ಆ ಕಂಪನಿಗೇ ಫೋನ್ ಮಾಡಿದಳು.

ನಡೆದದ್ದನ್ನೆಲ್ಲ ಕೇಳಿ ಎಲಿಯೇಸರ್ ಕಣ್ಣು ಕಣ್ಣು ಬಿಟ್ಟ. "ತಲೆ ಕೆಟ್ಟಿದೆಯಾ? ನೆರೈದಾ ಅವರನ್ನ ಅಷ್ಟೊಂದು ಬೈದ್ರು ಅಂತೀಯ, ಕಂತೂ ಜಾಸ್ತಿ!"

"ಬೈಲಿ ಬಿಡು. ಹೊಸ ದೋಣೀಲಿ ಕೂತ್ಕೊಂಡು ಬೈತಿದಾರಲ್ಲ," ಎಂದಳು ಇವೆಲಿಸ್.

ಅವನು ಊಟದವರೆಗೂ ಗೊಣಗಿದ. ಮಾರನೆಯ ದಿನ ಕಂಪನಿಯವರು ದೋಣಿ ನೋಡಲು ಬರುತ್ತಾರೆಂದು ತಿಳಿದ ಮೇಲೆ ಎದ್ದು, ಬಕೆಟ್ಟು ಹಿಡಿದು ದೋಣಿ ತೊಳೆಯಲು ಹೋದ.