ಗಂಗಾಧರನ ಎಡಗಣ್ಣು

ಕನ್ನಡಕವಿಲ್ಲದಿದ್ದರೆ ಗಂಗಾಧರನಿಗೆ ತನ್ನ ಅಂಗೈಯಿಂದಾಚೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣಿನ ಪವರ್ ಮೈನಸ್ ಹದಿನೇಳು. ಅದು ಗೊತ್ತಿದ್ದದ್ದು ಹೆಂಡತಿ ನಂದಿತಾಗೆ ಮಾತ್ರ. ಹದಿನಾಲ್ಕು ವರ್ಷ ತುಮಕೂರು–ಕುಣಿಗಲ್ ಖಾಸಗಿ ಬಸ್ಸನ್ನು ಅವನು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಓಡಿಸಿದ್ದ; ಒಂದು ಗೀರೂ ಆಗಿರಲಿಲ್ಲ.

ಆ ಆಷಾಢದಲ್ಲಿ ಎಡಗಣ್ಣಿನೊಳಗೆ ಸೊಳ್ಳೆ ಹಾರಾಡಿದಂತಾಯಿತು. ಆಮೇಲೆ ಮಿಂಚು.

"ಡಾಕ್ಟ್ರಿಗೆ ತೋರಿಸ್ರೀ ಅಂದ್ರೆ ಕೇಳಲ್ವಲ್ಲ ನೀವು," ಎಂದು ನಂದಿತಾ ದಿನಾ ಗೋಗರೆದಳು.

"ತೋರಿಸಿದ್ರೆ ಸ್ಟೇರಿಂಗ್ ಬುಡುಸ್ತಾರೆ ಕಣೇ. ಸರಿಹೋಯ್ತದೆ ಬುಡು."

ಐದನೆಯ ದಿನ ಬೆಳಿಗ್ಗೆ ಆ ಕಣ್ಣಿಗೆ ಎಡಗಡೆಯಿಂದ ಕಪ್ಪು ಪರದೆ ಸರಿದುಬಂತು. ಆದರೂ ಬಸ್ ಹತ್ತಿದ. ಗೂಳೂರು ದಾಟುವಾಗ ರಸ್ತೆಯಂಚಿನಲ್ಲಿ ಹುಲ್ಲುಹೊರೆ ಹೊತ್ತು ಹೋಗುತ್ತಿದ್ದ ಪುಟ್ಟತಾಯಮ್ಮ ಎಂಬ ಮುದುಕಿ ಅವನಿಗೆ ಕಾಣಲೇ ಇಲ್ಲ. ಧಡ್ ಎಂದ ಮೇಲೆ ಬ್ರೇಕ್ ತುಳಿದ. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು.

"ಅಜ್ಜಿನೇ ಅಡ್ಡ ಬಂದ್ಬುಟ್ಳು ಸಾರ್," ಎಂದು ಕಂಡಕ್ಟರ್ ತಿಮ್ಮೇಶ್ ಪೊಲೀಸರಿಗೆ ಹೇಳಿದ. ಗಂಗಾಧರ ಹೂಂ ಎಂದು ತಲೆಯಾಡಿಸಿದ.

ಮರುದಿನ ತುಮಕೂರಿನ ಕಣ್ಣಾಸ್ಪತ್ರೆಗೆ ಹೋದ. "ನಿಮ್ ಕಣ್ಣುಗುಡ್ಡೆ ಉದ್ದ ಜಾಸ್ತಿ," ಎಂದರು ಡಾಕ್ಟರಮ್ಮ. "ಅದರ ಎಳೆತಕ್ಕೆ ಒಳಪೊರೆ ತೆಳ್ಳಗಾಗಿ, ಹರಿದು, ಕಿತ್ಕೊಂಡು ಬಂದಿದೆ. ಮಿಂಚು ಕಂಡ ದಿನಾನೇ ಬಂದಿದ್ರೆ ಬಹುಶಃ ಲೇಸರ್‌ನಲ್ಲೇ ಮುಗೀತಿತ್ತು."

ಕಣ್ಣಿನ ಪಕ್ಕ ಸೂಜಿ ಚುಚ್ಚಿ ಮರಗಟ್ಟಿಸಿ ಆಪರೇಷನ್ ಮಾಡಿದರು. ನೋವಿರಲಿಲ್ಲ, ಆದರೆ ಎಚ್ಚರವಿತ್ತು. ಉಪಕರಣಗಳ ಕಡ್ಡಿಯಂಥ ನೆರಳುಗಳು ಕಣ್ಣೊಳಗೇ ಓಡಾಡುವುದನ್ನು ನೋಡುತ್ತ ಮಲಗಿದ್ದ. ಪೊರೆ ಅಂಟಿಕೊಳ್ಳಲೆಂದು ಒಳಗೆ ಎಣ್ಣೆ ತುಂಬಿ, ಹತ್ತು ದಿನ ಬೋರಲು ಮಲಗಬೇಕೆಂದರು. ನೆಲ ನೋಡಿ ನೋಡಿ ಕತ್ತು ಸೆಟೆದುಹೋಯಿತು. ಅಂಗಾತ ಬಿದ್ದಿರುವ ಆ ಮುದುಕಿಯದೇ ಯೋಚನೆ.

ಆರನೆಯ ವಾರ ಪೊರೆ ಸುಕ್ಕುಗಟ್ಟಿ ಮತ್ತೆ ಎದ್ದಿತು. ಇನ್ನೊಂದು ಆಪರೇಷನ್. ಪಟ್ಟಿ ಬಿಚ್ಚಿ, ಬಲಗಣ್ಣು ಮುಚ್ಚಿ, ಡಾಕ್ಟರಮ್ಮ ಎಡಗಣ್ಣಿಗೆ ಟಾರ್ಚ್ ಬೆಳಕು ಬಿಟ್ಟರು.

"ಲೈಟ್ ಹಾಕಿ ಮೇಡಂ," ಎಂದ ಗಂಗಾಧರ.

ನಂದಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಬಲಗಣ್ಣಿನ ತೆಳುವಾದ ಕಡೆಗಳಿಗೆ ಲೇಸರ್ ಹಾಕಿ, ಇನ್ನು ಬಸ್ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ತಿಮ್ಮೇಶ್ ಮನೆಗೆ ಬಂದು, "ಸುಮ್ನಿರಣ್ಣ, ಆಗಿದ್ ಆಗೋಯ್ತು," ಎಂದ. ಗಂಗಾಧರ ಕೇಳಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಗೂಳೂರಿಗೆ ಹೋದ.

ಪುಟ್ಟತಾಯಮ್ಮ ಮಂಚದ ಮೇಲಿದ್ದಳು. ಆ ಬಸ್ಸಿನ ಡ್ರೈವರ್ ತಾನೇ ಎಂದು ಗಂಗಾಧರ ಹೇಳಿಕೊಂಡ. "ತಪ್ಪು ನಂದೇ ಕಣಪ್ಪ. ಹೊರೆ ಹೊತ್ಕೊಂಡು ಅಡ್ಡ ಬಂದ್ಬುಟ್ಟೆ ಅನ್ಸುತ್ತೆ."

"ಇಲ್ಲಜ್ಜಿ. ನೀವು ಅಂಚಲ್ಲೇ ಹೋಗ್ತಿದ್ರಿ. ನಂಗೇ ಕಾಣ್ತಿರ್ಲಿಲ್ಲ. ಕಾಣಲ್ಲ ಅಂತ ಗೊತ್ತಿದ್ದೂ ಬಸ್ ಹತ್ತಿದ್ದೆ."

"ಮೂರ್ ತಿಂಗ್ಳಿಂದ ಮಗ, ಸೊಸೆ ನನ್ನೇ ಬೈತಾವ್ರೆ. ನಾನೂ ನನ್ನೇ ಬೈಕೊಂಡು ಬಿದ್ದಿದೀನಿ," ಎಂದು ಮುದುಕಿ ಗೋಡೆಯತ್ತ ಮುಖ ತಿರುಗಿಸಿದಳು. "ಹೋಗಪ್ಪ. ಎದುರ್ಗೆ ಕೂರ್ಬೇಡ."

ಅವನು ಮನೆಗೆ ಹೋಗಲಿಲ್ಲ. ಪೊಲೀಸ್ ಠಾಣೆಗೆ ಹೋಗಿ, ಅಂದು ಹೇಳಿದ್ದು ಸುಳ್ಳೆಂದು ಬರೆಸಿದ. ಒಂದೇ ಕಣ್ಣಿಗೆ ಗೆರೆಯ ಅಂದಾಜು ಸಿಗದಾಗ, ಸಹಿ ಎಲ್ಲಿ ಹಾಕಬೇಕೆಂದು ನಂದಿತಾ ಬೆರಳಿಟ್ಟು ತೋರಿಸಿದಳು.