ನಿಂಬೆ ಎಲೆ ಒರೆಸುವ ಮುನ್ನ

ಕೆಲಸಕ್ಕೆ ಹೊರಡುವ ಮುಂಚೆ ಸೊಸೆ ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು, ಕುಂಡದ ನಿಂಬೆ ಗಿಡದ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳದು ನೆಲ ಒರೆಸುವ ಕೆಲಸ. ಹದಿನಾಲ್ಕು ವರ್ಷ ಒರೆಸಿ ಒರೆಸಿ, ಕಲೆ ಕಂಡಲ್ಲಿ ಕೈ ತಾನಾಗಿ ಬಟ್ಟೆ ಹುಡುಕುತ್ತಿತ್ತು. ಈ ಎಲೆಗಳ ಮೇಲೋ, ದಿನ ಬೆಳಗಾದರೆ ಹಕ್ಕಿ ಹಿಕ್ಕೆ.

ಒಳಗೆ ಕಿಟಕಿ ಪಕ್ಕದ ಮಂಚದಲ್ಲಿ ಅತ್ತೆ. ಲಕ್ವ ಹೊಡೆದು ವರ್ಷವಾಗಿತ್ತು. ಈ ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: "ಈ ಕಿಟಕಿಗೆ ಒಂದು ಚಿಟ್ಟೆ ಬಂದ್ರೆ ಸಾಕಮ್ಮ. ಗೋಡೆ ನೋಡಿ ನೋಡಿ ಕಣ್ಣು ಸೋತುಹೋಯ್ತು."

ಸೊಸೆ ಕಿಟಕಿಯ ಹೊರಗೆ ದಪ್ಪ ಗುಲಾಬಿಯ ಕುಂಡಗಳನ್ನು ಸಾಲಾಗಿ ಇಟ್ಟಳು. ಹುಳ ಬೀಳದಿರಲೆಂದು ಔಷಧಿಯನ್ನೂ ಹೊಡೆದಳು. ಎರಡು ತಿಂಗಳಾದರೂ ಒಂದು ಚಿಟ್ಟೆಯೂ ಇತ್ತ ಸುಳಿಯಲಿಲ್ಲ.

ಅಂದು ಪಕ್ಕದ ಮನೆಯ, ಗಿಡ ಮಾರುವ ನರ್ಸರಿ ಅಕ್ಕ ಬೇಲಿಯಾಚೆಯಿಂದ ಕೂಗಿದಳು. "ಏ, ನಿಲ್ಲಿಸೇ! ಏನು ಒರೆಸ್ತಿದೀಯ?"

"ಹಿಕ್ಕೆ ಅಕ್ಕ."

"ಹಿಕ್ಕೆಗೆ ಬಾಯಿ ಇರುತ್ತೇನೆ? ಸರಿಯಾಗಿ ನೋಡು."

ಸೊಸೆ ಬಗ್ಗಿ ನೋಡಿದಳು. ಹಿಕ್ಕೆ ಮೆಲ್ಲಗೆ ಎಲೆಯಂಚನ್ನು ಕಡಿಯುತ್ತಿತ್ತು.

"ಅದು ಚಿಟ್ಟೆ ಮರಿ ಕಣೆ. ಹಕ್ಕಿ ತಿನ್ನಬಾರದು ಅಂತ ಆ ವೇಷ. ಬೆಳೆದ ಮೇಲೆ ಹಸಿರಾಗುತ್ತೆ. ಮಕ್ಕಳನ್ನ ಒರೆಸಿ ಎಸೆದು, ತಾಯಿನ ಬಾ ಬಾ ಅಂದ್ರೆ ಬರ್ತಾಳಾ?"

ಸೊಸೆಗೆ ನಂಬಿಕೆ ಬರಲಿಲ್ಲ. "ಎಲೆ ಎಲ್ಲ ತಿಂದುಬಿಟ್ರೆ ಗಿಡ ಸಾಯಲ್ವಾ?"

"ನಾಲ್ಕು ಎಲೆ ಹೋದ್ರೆ ಎಂಟು ಚಿಗುರುತ್ತೆ. ಚಿಟ್ಟೆಗೆ ಎರಡು ಥರ ಗಿಡ ಬೇಕು. ಮರಿ ಮೇಯೋಕೆ ಒಂದು, ತಾಯಿ ಮಕರಂದ ಕುಡಿಯೋಕೆ ಒಂದು. ನಿನ್ನ ಗುಲಾಬಿಲಿ ಬರೀ ದಳ, ಕುಡಿಯೋಕೆ ಏನೂ ಇಲ್ಲ. ಒಂದೇ ಸುತ್ತು ದಳದ ಹೂವಿನ ಗಿಡ ನಾನು ಕೊಡ್ತೀನಿ. ಬಿಸಿಲಿಗಿಡು. ಔಷಧಿ ಮಾತ್ರ ಮುಟ್ಟಬೇಡ."

ಒಳಗಿಂದ ಅತ್ತೆಯ ತೊದಲು ದನಿ: "ನನ್ನನ್ನೂ ದಿನಕ್ಕೆರಡು ಸಲ ಒರೆಸ್ತಾಳೆ ಕಣಮ್ಮ. ಪುಣ್ಯಕ್ಕೆ ಇನ್ನೂ ಎಸೆದಿಲ್ಲ."

ಸೊಸೆಗೆ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಎಷ್ಟು ಬೆಳಗು, ಎಷ್ಟು ಮರಿ! ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಅಕ್ಕ ಬೇಲಿ ದಾಟಿ ಬಂದಳು; ಇಬ್ಬರೂ ನಿಂಬೆ ಕುಂಡವನ್ನು ಕಿಟಕಿಯ ಮುಂದಕ್ಕೆ ಎಳೆದು ತಂದರು. ಉಳಿದಿದ್ದದ್ದು ಒಂದೇ ಮರಿ. ಅತ್ತೆ ಕತ್ತು ಹೊರಳಿಸಿ ಅದನ್ನೇ ನೋಡಿದರು.

"ಚಿಟ್ಟೆ ಆಗೋಕೆ ಎಷ್ಟು ದಿನ?"

"ಮೂರು ನಾಲ್ಕು ವಾರ," ಎಂದಳು ಅಕ್ಕ.

"ಕಾಯ್ತೀನಿ ಬಿಡು. ನಾನೆಲ್ಲಿಗೆ ಹೋಗ್ಲಿ?"

ಓದುವವರೇ, ಚಿಟ್ಟೆ ಬೇಕೆಂದರೆ ಹೂವಿನ ಜೊತೆ ಮರಿಗೂ ಒಂದು ಗಿಡ ಇಡಿ. ಔಷಧಿ ಹೊಡೆಯಬೇಡಿ. ಎಲೆ ತೂತಾದರೆ ಬೇಸರ ಬೇಡ.

ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಸೊಸೆ ಮತ್ತೊಮ್ಮೆ ಗಿಡದ ಮುಂದೆ ಕೂತು, ಯಾರಿಗೂ ಕೇಳದ ಹಾಗೆ ಮರಿಗೆ ಹೇಳಿದಳು: "ಹೊಟ್ಟೆ ತುಂಬ ತಿನ್ನು. ರೆಕ್ಕೆ ಬಂದಾಗ ಒಂದು ಸಲ ಈ ಕಿಟಕಿ ಮುಂದೆ ಹಾರು."

ಮರಿ ಎಲೆ ಕಡಿಯುತ್ತಲೇ ಇತ್ತು.